ಹೈಬ್ರಿಡ್ ಎಂದರೇನು? ಜವಾರಿ ಎಂದರೇನು?

ಈ ತಿಂಗಳು ನಾವು ವಿಚಾರಕ್ಕೆ ಎತ್ತಿಕೊಂಡಿರುವ ಪದ 'ಸಂಕರ'. ಪುಸ್ತಕದ ಈ ಪದವನ್ನು ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಬಳಸುವವರು ಕಡಿಮೆ. ಇಲ್ಲಿ ಅಕ್ಷರ ಬಾರದವರ ಬಾಯಲ್ಲಿಯೂ 'ಹೈಬ್ರಿಡ್' ಎಂಬ ಮಾತೇ ರೂಢಿಯಾಗಿದೆ. ಸಂತೆಗೆ ಹೋದರೆ ಬದನೆಕಾಯಿ ಮಾರುವಾಕೆ ಮೊದಲು ಹೇಳುವುದೇ ಅದು: ಇದು ಜವಾರಿ, ಅದು ಹೈಬ್ರಿಡ್. ಜವಾರಿ ಎಂದರೆ ರುಚಿ, ಹೈಬ್ರಿಡ್ ಎಂದರೆ ಗಾತ್ರ. ಕೋಳಿಗೂ ಆಕಳಿಗೂ ಇದೇ ಮಾತು. ಹೈಬ್ರಿಡ್ ಜೋಳ ಬಂದ ಮೇಲೆ ಮನುಷ್ಯರ ತಾಕತ್ತೇ ಹೋಯಿತೆಂದು ನಿಟ್ಟುಸಿರು ಬಿಡುವ ಹಿರಿಯರನ್ನು ವಾಚಕರೆಲ್ಲರೂ ಕಂಡಿದ್ದೀರಿ.

ಹಲಗೇರಿಯ ವಾಚಕಿಯೊಬ್ಬರ ಪ್ರಶ್ನೆ ಈ ಬರಹಕ್ಕೆ ಕಾರಣವಾಗಿದೆ. ತಮ್ಮ ಹೊಲದಲ್ಲಿ ಬೆಳೆದ ಹೈಬ್ರಿಡ್ ಟೊಮೆಟೊ ಹಣ್ಣುಗಳಲ್ಲಿ ಒಳ್ಳೆಯವನ್ನು ಆರಿಸಿ, ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಮರುವರ್ಷ ಹಿತ್ತಲಿಗೆ ಹಾಕಿದರಂತೆ. ಎದ್ದ ಗಿಡಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಒಂದರ ಕಾಯಿ ದುಂಡಗೆ, ಇನ್ನೊಂದರದು ಉದ್ದ. ಒಂದು ಗಿಡ ಹಬ್ಬಿತು, ಇನ್ನೊಂದು ಮೊಣಕಾಲೆತ್ತರಕ್ಕೇ ನಿಂತಿತು. ಬೀಜ ಕೆಟ್ಟಿತ್ತೇ, ಇಲ್ಲವೆ ಮರಳಿ ಅಂಗಡಿಗೇ ಬರಲೆಂದು ಕಂಪನಿಯವರು ಬೀಜದೊಳಗೆ ಏನಾದರೂ ಮಾಡಿರುತ್ತಾರೆಯೇ ಎಂದು ಆ ತಾಯಿ ಕೇಳಿದ್ದಾರೆ. ಇದು ಅವರೊಬ್ಬರ ಸಂದೇಹವಲ್ಲ. ಉತ್ತರವೂ ಸಂಕರ ಎಂಬ ಪದದ ಅರ್ಥದಲ್ಲಿಯೇ ಅಡಗಿದೆ.

ಮೊದಲು ಪದದ ಹುಟ್ಟನ್ನು ನೋಡೋಣ. ಸಂಸ್ಕೃತದಲ್ಲಿ ಸಂಕರವೆಂದರೆ ಬೆರಕೆ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನು ಯುದ್ಧಕ್ಕೆ ಹಿಂಜರಿಯುತ್ತ ಹೇಳುವ ಕಾರಣಗಳಲ್ಲಿ ವರ್ಣಸಂಕರದ ಭಯವೂ ಒಂದು. ಆ ಮಾತಿನಲ್ಲಿ ಬೆರಕೆಯೆಂದರೆ ಕೇಡು. ವಿಚಿತ್ರವೆಂದರೆ ಹೈಬ್ರಿಡ್ ಪದದ ತಾಯಿಬೇರಿಗೂ ಇಂಥದೇ ಕೊಳೆ ಅಂಟಿಕೊಂಡಿದೆ. ಲ್ಯಾಟಿನ್ ಭಾಷೆಯಲ್ಲಿ ಊರ ಹೆಣ್ಣು ಹಂದಿಗೂ ಕಾಡಿನ ಗಂಡು ಹಂದಿಗೂ ಹುಟ್ಟಿದ ಮರಿಯನ್ನು 'ಹಿಬ್ರಿಡಾ' ಎನ್ನುತ್ತಿದ್ದರು. ಜೀವವಿಜ್ಞಾನವು ಈ ಎರಡೂ ಪದಗಳನ್ನು ಎತ್ತಿಕೊಂಡು, ಅವುಗಳ ಮೇಲಿನ ತಿರಸ್ಕಾರವನ್ನು ತೊಳೆದು, ಬರಿಯ ಅರ್ಥವನ್ನಷ್ಟೇ ಇರಿಸಿಕೊಂಡಿದೆ. ಇಲ್ಲಿ ಇನ್ನೊಂದು ತಮಾಷೆಯನ್ನೂ ಹೇಳಬಹುದು. ಗುಜರಾತಿನವರು ತಮ್ಮ ಸಂಕರ ಹತ್ತಿಗಳಿಗೆ 'ಸಂಕರ್' ಎಂದೇ ಹೆಸರಿಟ್ಟರು. ಅರಳೆ ವ್ಯಾಪಾರಿಗಳ ಬಾಯಲ್ಲಿ ಅದು 'ಶಂಕರ್' ಆಯಿತು. ಶಂಕರ್-6 ಎಂಬ ಹತ್ತಿಯ ಹೆಸರನ್ನು ಪತ್ರಿಕೆಯ ಧಾರಣೆಯ ಪಟ್ಟಿಯಲ್ಲಿ ಓದಿದವರು ಅದನ್ನು ದೇವರ ಹೆಸರೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಆನುವಂಶಿಕ ಗುಣಗಳಲ್ಲಿ ಒಂದರಿಂದೊಂದು ಭಿನ್ನವಾದ ತಂದೆ-ತಾಯಿಗಳಿಗೆ ಹುಟ್ಟಿದ ಸಂತತಿಯೇ ಸಂಕರ. ಆ ಭಿನ್ನತೆ ಎಷ್ಟು ದೊಡ್ಡದೆಂಬುದರ ಮೇಲೆ ಸಂಕರದ ಬಗೆಯೂ ಬೇರೆಯಾಗುತ್ತದೆ. ಕುದುರೆಗೂ ಕತ್ತೆಗೂ ಹುಟ್ಟುವ ಹೇಸರಗತ್ತೆಯು ಎರಡು ಪ್ರಭೇದಗಳ ನಡುವಿನ ಸಂಕರ. ಕುದುರೆಯ ಜೀವಕೋಶದಲ್ಲಿ 64 ವರ್ಣತಂತುಗಳು, ಕತ್ತೆಯದರಲ್ಲಿ 62. ಹೇಸರಗತ್ತೆಗೆ ಬರುವುದು 63. ಜೋಡಿ ಕೂಡದ ಈ ಲೆಕ್ಕದಿಂದಾಗಿ ಅದು ಭಾರ ಹೊರುವುದರಲ್ಲಿ ಗಟ್ಟಿಯಾದರೂ ಮರಿ ಹಾಕುವುದಿಲ್ಲ. 1761ರಲ್ಲಿ ಜರ್ಮನಿಯ ಕೋಲ್‌ರಾಯ್ಟರ್ ಎಂಬ ಸಸ್ಯವಿಜ್ಞಾನಿ ಎರಡು ಪ್ರಭೇದಗಳ ತಂಬಾಕಿನ ಗಿಡಗಳನ್ನು ಕೂಡಿಸಿ ಪಡೆದ ಸಂತತಿಯೂ ಹೀಗೆಯೇ ಬಂಜೆಯಾಗಿತ್ತು. ಆದರೆ ಸಂಕರವೆಲ್ಲ ಬಂಜೆಯಲ್ಲ. ಒಂದೇ ಪ್ರಭೇದದ ಎರಡು ತಳಿಗಳನ್ನು ಕೂಡಿಸಿದರೆ ಹುಟ್ಟಿದ ಸಂತತಿ ಧಾರಾಳವಾಗಿ ಬೀಜ ಕೊಡುತ್ತದೆ. ನಮ್ಮ ಹೊಲಗಳ ಟೊಮೆಟೊ, ಮೆಣಸಿನಕಾಯಿ, ಮೆಕ್ಕೆಜೋಳಗಳ ಹೈಬ್ರಿಡ್‌ಗಳು ಈ ಎರಡನೆಯ ಬಗೆಯವು.

ಇದರಿಂದ ಎರಡು ಭ್ರಮೆಗಳು ತೊಲಗಬೇಕು. ಅಧಿಕ ಇಳುವರಿಯದೆಲ್ಲ ಹೈಬ್ರಿಡ್ ಅಲ್ಲ. 1966ರಲ್ಲಿ ಬಂದು ದೇಶದ ಹಸಿವನ್ನು ನೀಗಲು ನೆರವಾದ ಐ.ಆರ್. 8 ಭತ್ತವು ಹೈಬ್ರಿಡ್ ಆಗಿರಲಿಲ್ಲ; ನಾವು ದಿನವೂ ಉಣ್ಣುವ ಸೋನಾ ಮಸೂರಿಯೂ ಅಲ್ಲ. ಅವು ಸ್ಥಿರಗೊಂಡ ತಳಿಗಳು, ಬೀಜ ಉಳಿಸಿ ಮತ್ತೆ ಬಿತ್ತಬಹುದಾದಂಥವು. ಎರಡನೆಯದಾಗಿ, ಹೈಬ್ರಿಡ್ ಎಂದರೆ ಕುಲಾಂತರಿಯಲ್ಲ. ಪ್ರಯೋಗಶಾಲೆಯಲ್ಲಿ ಬೇರೊಂದು ಜೀವಿಯ ವಂಶವಾಹಿಯನ್ನು ಸೇರಿಸಿದ್ದು ಕುಲಾಂತರಿ. ಹೂವಿಗೆ ಹೂವಿನ ಪರಾಗ ಮುಟ್ಟಿಸಿದ್ದು ಸಂಕರ. ನಮ್ಮ ದೇಶದಲ್ಲಿ 2002ರಲ್ಲಿ ಒಪ್ಪಿಗೆ ಪಡೆದ ಬಿ.ಟಿ. ಹತ್ತಿಯು ಕುಲಾಂತರಿಯೂ ಹೌದು, ಹೈಬ್ರಿಡ್ಡೂ ಹೌದು. ಎರಡೂ ಒಂದೇ ಪೊಟ್ಟಣದಲ್ಲಿ ಬಂದುದರಿಂದ ಗೊಂದಲ ಹೆಚ್ಚಿತು.

ಸಂಕರ ಬೀಜದ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದುದಲ್ಲ. 1970ರಲ್ಲಿ ಸೂರತ್ತಿನಲ್ಲಿ ಸಿ. ಟಿ. ಪಟೇಲರು ಹೊರತಂದ ಹೈಬ್ರಿಡ್-4 ಜಗತ್ತಿನಲ್ಲಿಯೇ ವ್ಯಾಪಾರಕ್ಕಾಗಿ ಬೆಳೆದ ಮೊದಲ ಸಂಕರ ಹತ್ತಿ. ಅದಾದ ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು 'ವರಲಕ್ಷ್ಮಿ'ಯನ್ನು ಕೊಟ್ಟರು. ಇದು ಇನ್ನೂ ಕಠಿಣವಾದ ಕೆಲಸ. ಏಕೆಂದರೆ ವರಲಕ್ಷ್ಮಿಯ ತಾಯಿ ನಮ್ಮ ಕಡೆಯ 'ಲಕ್ಷ್ಮಿ' ಹತ್ತಿ, ತಂದೆಯೋ ಬೇರೆ ಪ್ರಭೇದಕ್ಕೆ ಸೇರಿದ, ಸೋವಿಯತ್ ದೇಶದಿಂದ ಬಂದ ಉದ್ದನೆಯ ಎಳೆಯ ಹತ್ತಿ. ಸೊಸೆಯ ಹೆಸರಿನಲ್ಲಿ ಅತ್ತೆಯ ಹೆಸರನ್ನು ಉಳಿಸಿದಂತೆ, ಮಗಳ ಹೆಸರಿನಲ್ಲಿ ತಾಯಿಯ ಹೆಸರು ಉಳಿಯಿತು. 1981ರಲ್ಲಿ ಅಲ್ಲಿಂದಲೇ ಡಿ.ಸಿ.ಎಚ್. 32, ಅಂದರೆ 'ಜಯಲಕ್ಷ್ಮಿ' ಬಂದಿತು. ತರಕಾರಿಯಲ್ಲಿ ಡಾ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆಯು 1973ರಲ್ಲಿ 'ಕರ್ನಾಟಕ' ಎಂಬ ಟೊಮೆಟೊವನ್ನೂ 'ಭಾರತ್' ಎಂಬ ದೊಣಮೆಣಸಿನಕಾಯಿಯನ್ನೂ ಬಿಡುಗಡೆ ಮಾಡಿತು. ಮುಂದೆ ಅನೇಕ ಬೀಜ ಸಂಸ್ಥೆಗಳು ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿಗಳಿಗೆ ಬಂದವು. ಟೊಮೆಟೊ, ದೊಣಮೆಣಸು, ಬದನೆ, ಮೆಣಸಿನಕಾಯಿಗಳ ಸಂಕರ ಬೀಜವನ್ನು ರೈತರಿಂದ ಕರಾರಿನ ಮೇಲೆ ಬೆಳೆಸತೊಡಗಿದವು. ಹೊಲದ ನಡುವೆ ಬಿಳಿಯ ಬಲೆಯ ಮನೆಗಳು ಎದ್ದು ನಿಂತಿರುವುದನ್ನು ಈ ಸೀಮೆಯಲ್ಲಿ ಓಡಾಡಿದವರೆಲ್ಲ ನೋಡಿರುತ್ತಾರೆ.

ಆ ಬಲೆಯೊಳಗೆ ನಡೆಯುವ ಕೆಲಸ ಎಷ್ಟು ನಾಜೂಕಿನದೆಂಬುದನ್ನು ಪೇಟೆಯ ವಾಚಕರು ತಿಳಿಯಬೇಕು. ಟೊಮೆಟೊ ಹೂವಿನಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಒಟ್ಟಿಗೇ ಇರುತ್ತವೆ. ಬಿಟ್ಟರೆ ಅದು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಸಂಕರ ಬೀಜ ಬೇಕೆಂದರೆ ಅದನ್ನು ತಡೆಯಬೇಕು. ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಗುರುತಿಸಿ, ಚಿಮಟದಿಂದ ಬಿಡಿಸಿ, ಒಳಗಿನ ಕೇಸರಗಳನ್ನು ಮಾತ್ರ ಕಿತ್ತು ತೆಗೆಯಬೇಕು; ನಡುವಿನ ಹೆಣ್ಣು ದಂಟಿಗೆ ಗಾಯವಾಗಬಾರದು. ಬೇರೆ ಸಾಲುಗಳಲ್ಲಿರುವ ಗಂಡು ಗಿಡಗಳ ಹೂಗಳಿಂದ ಪರಾಗವನ್ನು ಒಣಗಿಸಿ ಸೋಸಿ ಇಟ್ಟುಕೊಂಡಿರಬೇಕು. ಮರುದಿನ ಆ ಪುಡಿಯನ್ನು ಹೆಣ್ಣು ದಂಟಿನ ತುದಿಗೆ ಮುಟ್ಟಿಸಬೇಕು. ಮುಟ್ಟಿಸಿದ ಹೂವಿನ ಗುರುತಿಗೆ ಅದರ ಬುಡದ ಹಸಿರು ಎಸಳುಗಳಲ್ಲಿ ಒಂದೆರಡನ್ನು ಕತ್ತರಿಸುತ್ತಾರೆ. ಹಣ್ಣಾದ ಮೇಲೆ ಎಸಳು ಕತ್ತರಿಸಿದ ಹಣ್ಣು ಬೀಜಕ್ಕೆ, ಉಳಿದದ್ದು ಲೆಕ್ಕಕ್ಕಿಲ್ಲ. ಹತ್ತಿಯಲ್ಲಿ ಇದೇ ಕೆಲಸ ಸಂಜೆ ಮೊಗ್ಗು ಬಿಡಿಸುವುದು, ಮುಂಜಾನೆ ಗಂಡು ಹೂ ಸವರುವುದು ಎಂದು ನಡೆಯುತ್ತದೆ. ಮೆಕ್ಕೆಜೋಳದಲ್ಲಿ ಮಾತ್ರ ಸುಲಭ: ಗಂಡು ಹೂ ತಲೆಯ ಮೇಲೆ, ಹೆಣ್ಣು ಹೂ ಸೊಂಟದಲ್ಲಿ, ಹೆಣ್ಣು ಸಾಲಿನ ಸೂಲಂಗಿ ಕಿತ್ತರಾಯಿತು, ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ.

ಇದನ್ನೆಲ್ಲ ಮಾಡುವವರು ಹೆಚ್ಚಾಗಿ ಹೆಂಗಸರು. ಸಣ್ಣ ಬೆರಳು, ತಾಳ್ಮೆ, ಬಾಗಿದ ಬೆನ್ನು. ಬೀಜದ ಚೀಲ ಒಪ್ಪಿಸಿದೊಡನೆ ಹಣ ಕೈಗೆ ಬರುವುದೂ ಇಲ್ಲ. ಒಂದಿಷ್ಟು ಬೀಜವನ್ನು ಬಿತ್ತಿ, ಬೆಳೆಸಿ, ಎದ್ದ ಗಿಡಗಳೆಲ್ಲ ನಿಜವಾಗಿ ಸಂಕರವೇ ಎಂದು ಪರೀಕ್ಷಿಸುವ ಪದ್ಧತಿಯಿದೆ. ಚಿಮಟ ತಪ್ಪಿ ಕೇಸರ ಉಳಿದುಹೋಗಿದ್ದರೆ ತಾಯಿಯಂಥದೇ ಗಿಡ ಏಳುತ್ತದೆ, ಗುಟ್ಟು ಹೊರಬೀಳುತ್ತದೆ. ಸಣ್ಣ ಬೆರಳು ಬೇಕೆಂಬ ನೆವದಿಂದಲೇ ಆಂಧ್ರ, ಗುಜರಾತ್ ಹಾಗೂ ನಮ್ಮ ರಾಜ್ಯದ ಹತ್ತಿ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ದುಡಿಸಿದ ಸಂಗತಿ ಬೆಳಕಿಗೆ ಬಂದಿತ್ತು. 2016ರ ತಿದ್ದುಪಡಿಯಿಂದ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೂಲಿಗೆ ಹಚ್ಚುವುದು ಅಪರಾಧ. ಮನೆಯವರ ಹೊಲದಲ್ಲಿ ಶಾಲೆಯ ಬಿಡುವಿನಲ್ಲಿ ನೆರವಾಗುವುದಕ್ಕೆ ಕಾಯಿದೆ ಸಡಿಲು ಬಿಟ್ಟಿದೆ. ಆದರೆ ಹೂ ಅರಳುವ ಹೊತ್ತೂ ಶಾಲೆಯ ಗಂಟೆಯ ಹೊತ್ತೂ ಒಂದೇ ಎಂಬುದನ್ನು ತಂದೆ-ತಾಯಿಗಳು ನೆನಪಿನಲ್ಲಿಡಬೇಕು. ಈ ಸಡಿಲಿಕೆ ನಮಗೆ ಸರಿಯೆನಿಸುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಸಂಕರ ಮಾಡುವುದೇಕೆ? ಏಕೆಂದರೆ ಆ ಮೊದಲ ಪೀಳಿಗೆಯಲ್ಲಿ ಒಂದು ವಿಶೇಷ ಹುರುಪು ಕಾಣಿಸುತ್ತದೆ. ತಂದೆ-ತಾಯಿ ಇಬ್ಬರಿಗಿಂತಲೂ ಸಂತತಿ ಎತ್ತರ, ಚುರುಕು, ಫಲವಂತ. ಇದನ್ನು 'ಸಂಕರ ಚೈತನ್ಯ' ಎನ್ನೋಣ. 1914ರಲ್ಲಿ ಅಮೆರಿಕದ ಜಿ. ಎಚ್. ಶಲ್ ಎಂಬವರು ಇದಕ್ಕೆ 'ಹೆಟರೋಸಿಸ್' ಎಂದು ಹೆಸರಿಟ್ಟರು. ಜೀವಿಯ ಪ್ರತಿಯೊಂದು ಗುಣಕ್ಕೂ ತಂದೆಯಿಂದೊಂದು, ತಾಯಿಯಿಂದೊಂದು ವಂಶವಾಹಿ ಬರುತ್ತದೆ. ಒಂದೇ ವಂಶದಲ್ಲಿ ಪೀಳಿಗೆಯಿಂದ ಪೀಳಿಗೆಗೆ ತಮ್ಮೊಳಗೇ ಕೂಡಿಕೊಂಡು ಬಂದ ತಳಿಯಲ್ಲಿ ಕೆಲವು ದುರ್ಬಲ ವಂಶವಾಹಿಗಳು ಜೋಡಿಯಾಗಿ ಕುಳಿತಿರುತ್ತವೆ. ಬೇರೊಂದು ತಳಿಯೊಡನೆ ಕೂಡಿಸಿದಾಗ ಇದರ ದುರ್ಬಲವನ್ನು ಅದರ ಸಬಲವು ಮರೆಮಾಡುತ್ತದೆ, ಅದರ ದುರ್ಬಲವನ್ನು ಇದರದು. ಹುರುಪಿನ ಮೂಲ ಬಹುಮಟ್ಟಿಗೆ ಇದೇ.

ಈಗ ಹಲಗೇರಿಯ ಪ್ರಶ್ನೆಗೆ ಬರೋಣ. 1866ರಲ್ಲಿ ಮೆಂಡೆಲ್ ಎಂಬ ಪಾದ್ರಿ ಬಟಾಣಿಯ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ದುಂಡು ಬೀಜದ ಬಟಾಣಿಯನ್ನು ಸುಕ್ಕು ಬೀಜದ ಬಟಾಣಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡಗೆ ಬಂದವು. ಸುಕ್ಕು ಅಳಿಯಿತೆಂದು ತೋರಿತು. ಆದರೆ ಆ ಸಂಕರ ಬೀಜಗಳನ್ನೇ ಬಿತ್ತಿ, ತಮ್ಮೊಳಗೇ ಕಾಯಿ ಕಟ್ಟಲು ಬಿಟ್ಟಾಗ ಎರಡನೆಯ ಪೀಳಿಗೆಯಲ್ಲಿ 5474 ದುಂಡು, 1850 ಸುಕ್ಕು ಬೀಜಗಳು ಸಿಕ್ಕವು. ಸುಕ್ಕು ಅಳಿದಿರಲಿಲ್ಲ, ಅಡಗಿತ್ತು. ಸಂಕರದಲ್ಲಿ ಕೂಡಿದ್ದು ಮರುಪೀಳಿಗೆಯಲ್ಲಿ ಮತ್ತೆ ಬಿಡಿಯಾಗುತ್ತದೆ. ಇದು ಒಂದು ಗುಣದ ಮಾತು. ಟೊಮೆಟೊದ ತಂದೆ-ತಾಯಿಗಳು ಹತ್ತು ವಂಶವಾಹಿಗಳಲ್ಲಿ ಭಿನ್ನವಾಗಿವೆಯೆಂದೂ, ಒಂದೊಂದೂ ತನ್ನಷ್ಟಕ್ಕೆ ತಾನು ಹಂಚಿಕೆಯಾಗುತ್ತದೆಂದೂ ಇಟ್ಟುಕೊಳ್ಳಿ. ಎರಡನೆಯ ಪೀಳಿಗೆಯ ಗಿಡವೊಂದಕ್ಕೆ ಮೊದಲಿನ ಸಂಕರದ ಜೋಡಿ ಒಂದೊಂದು ವಂಶವಾಹಿಯಲ್ಲಿ ಸಿಗುವ ಸಂಭವ ಅರ್ಧ. ಹತ್ತರಲ್ಲಿಯೂ ಸಿಗಬೇಕೆಂದರೆ ಅರ್ಧದ ಅರ್ಧದ ಅರ್ಧವೆಂದು ಹತ್ತು ಸಲ ಗುಣಿಸಬೇಕು: 1024 ಗಿಡಗಳಿಗೆ ಒಂದು. ನಿಜದಲ್ಲಿ ಭಿನ್ನತೆ ಹತ್ತಕ್ಕೆ ನಿಲ್ಲುವುದಿಲ್ಲ. ಹೀಗಿರುವಾಗ ಹಿತ್ತಲಿನಲ್ಲಿ ಎದ್ದ ಇಪ್ಪತ್ತೋ ಮೂವತ್ತೋ ಗಿಡಗಳು ಒಂದರಂತೊಂದು ಇರಲು ಹೇಗೆ ಸಾಧ್ಯ?

ಆದುದರಿಂದ ಆ ತಾಯಿ ಒಣಗಿಸಿದ ಬೀಜ ಕೆಟ್ಟಿರಲಿಲ್ಲ. ಅದರೊಳಗೆ ಯಾರೂ ಏನನ್ನೂ ಅಡಗಿಸಿಟ್ಟಿರಲೂ ಇಲ್ಲ. 1998ರ ಸುಮಾರಿಗೆ 'ಟರ್ಮಿನೇಟರ್' ಬೀಜದ ಸುದ್ದಿ ಹಬ್ಬಿ ನಮ್ಮ ರೈತರು ಬೀದಿಗಿಳಿದದ್ದು ಹಲವರಿಗೆ ನೆನಪಿರಬಹುದು. ಬೀಜವನ್ನು ಬಂಜೆಯಾಗಿಸುವ ಆ ತಂತ್ರವು ಮಾರುಕಟ್ಟೆಗೆ ಬರಲೇ ಇಲ್ಲ. ನಮ್ಮ ದೇಶದ ಕಾಯಿದೆಯಂತೂ ಅಂಥ ತಳಿಗೆ ನೋಂದಣಿಯನ್ನೇ ನಿರಾಕರಿಸುತ್ತದೆ. ಹೈಬ್ರಿಡ್ ಬೀಜಕ್ಕೆ ಅಂಥ ಬೀಗ ಬೇಕಾಗಿಯೂ ಇಲ್ಲ. ನಿಸರ್ಗದ ನಿಯಮವೇ ಅಲ್ಲಿ ಬೀಗ, ಬೀಗದ ಕೈ ತಂದೆ-ತಾಯಿ ತಳಿಗಳನ್ನು ಇಟ್ಟುಕೊಂಡವನ ಬಳಿ. ಹಲಗೇರಿಯ ಹೊಲದಲ್ಲಿ ಹೆಣ್ಣು ಸಾಲು, ಗಂಡು ಸಾಲುಗಳನ್ನು ನೆಟ್ಟವರು ರೈತರೇ ಆದರೂ ಆ ಸಾಲುಗಳ ಒಡೆಯರು ಅವರಲ್ಲ. ಕಳೆದೈವತ್ತು ವರ್ಷಗಳ ಬೀಜದ ವ್ಯಾಪಾರವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆಯೆಂಬುದು ನಮ್ಮ ಅಭಿಪ್ರಾಯ.

ಸಂಕರ ಎಂಬ ಪದವು ಹೊಲ ದಾಟಿ ಪ್ರಯೋಗಶಾಲೆಯನ್ನೂ ಹೊಕ್ಕಿದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ಇಬ್ಬರು ರೋಗನಿರೋಧಕ ವಸ್ತುವನ್ನು ತಯಾರಿಸುವ ಇಲಿಯ ಕೋಶವನ್ನು, ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಹುಟ್ಟಿದ ಸಂಕರ ಕೋಶಕ್ಕೆ 'ಹೈಬ್ರಿಡೋಮಾ' ಎಂದು ಹೆಸರು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪ್ರಮಾಣದಲ್ಲಿ ಅದು ತಯಾರಿಸುತ್ತದೆ. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಔಷಧದ ಅಂಗಡಿಯಲ್ಲಿ ದೊರೆಯುವ ಗರ್ಭಪರೀಕ್ಷೆಯ ಪಟ್ಟಿಯ ಮೇಲೆ ಗೆರೆ ಮೂಡಿಸುವುದು ಇಂಥ ಪ್ರತಿಕಾಯಗಳೇ. ರಕ್ತದ ಗುಂಪು ನೋಡುವ ದ್ರಾವಣಗಳಲ್ಲಿಯೂ ಅವುಗಳ ಬಳಕೆಯಿದೆ. ಡಿ.ಎನ್.ಎ.ಯ ಒಂಟಿ ಎಳೆಯೊಂದು ತನಗೆ ಹೊಂದುವ ಇನ್ನೊಂದು ಎಳೆಯನ್ನು ಹುಡುಕಿ ಜೋಡಿಯಾಗುವುದಕ್ಕೂ ಸಂಕರಣವೆಂದೇ ಹೆಸರು. ಹೈದರಾಬಾದಿನ ಸಿ.ಸಿ.ಎಂ.ಬಿ.ಯಲ್ಲಿ ಡಾ. ಲಾಲ್‌ಜಿ ಸಿಂಗ್ ಅವರು 1980ರ ದಶಕದ ಕೊನೆಯಲ್ಲಿ ರೂಪಿಸಿದ ಡಿ.ಎನ್.ಎ. ಬೆರಳಚ್ಚಿನ ವಿಧಾನವು ಇದನ್ನೇ ಆಧರಿಸಿತ್ತು. ಪಿತೃತ್ವದ ವ್ಯಾಜ್ಯಗಳು ಅದರಿಂದ ತೀರಿದವು. ಬೀಜದ ಶುದ್ಧತೆಯನ್ನು ಗಿಡ ಬೆಳೆಸದೆಯೇ ಡಿ.ಎನ್.ಎ. ಗುರುತುಗಳಿಂದ ಈಗ ಪರೀಕ್ಷಿಸುವುದೂ ಅದೇ ಕುಲದ ವಿದ್ಯೆ.

ಇನ್ನು ಜವಾರಿಯ ಮಾತು. ಹೈಬ್ರಿಡ್ ಜವಾರಿಯ ವೈರಿಯೆಂದು ಸಂತೆಯ ಮಾತು ಹೇಳುತ್ತದೆ. ವಿಜ್ಞಾನದ ಲೆಕ್ಕ ಬೇರೆ. ಸಂಕರ ಮಾಡಬೇಕಾದರೆ ಭಿನ್ನವಾದ, ಸ್ಥಿರವಾದ ತಂದೆ-ತಾಯಿಗಳು ಬೇಕು. ರುಚಿಯೋ ರೋಗ ತಡೆಯುವ ಶಕ್ತಿಯೋ ಎಲ್ಲಿಂದಲೋ ಬರಬೇಕು. ಅವು ಬರುವುದು ಯಾರದೋ ಹೊಲದಲ್ಲಿ ತಲೆಮಾರುಗಳಿಂದ ಉಳಿದುಬಂದ ಜವಾರಿಯಿಂದಲೇ. ಲಕ್ಷ್ಮಿಯಿಲ್ಲದೆ ವರಲಕ್ಷ್ಮಿ ಇಲ್ಲ. ಇಳುವರಿಯ ಆಸೆಗೆ ಊರಿಗೆ ಊರೇ ಜವಾರಿ ಬೀಜವನ್ನು ಕೈಬಿಟ್ಟರೆ ಮುಂದಿನ ಹೈಬ್ರಿಡ್‌ಗೂ ಬೇರಿರುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಅನ್ವಯಿಸುವುದು ಬ್ಯಾಡಗಿ ಮೆಣಸಿನಕಾಯಿಗೆ. ಡಬ್ಬಿ, ಕಡ್ಡಿ ಎಂಬ ಅದರ ಎರಡು ಬಗೆಗಳು ಖಾರದಲ್ಲಿ ಸೌಮ್ಯ, ಬಣ್ಣದಲ್ಲಿ ಶ್ರೀಮಂತ. ಸುಕ್ಕುಸುಕ್ಕಾದ ಸಿಪ್ಪೆಯೇ ಅವುಗಳ ಗುರುತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಮಾನ್ಯತೆಯು ಹೆಸರನ್ನು ಕಾಯುತ್ತದೆಯೇ ಹೊರತು ಹೂವನ್ನಲ್ಲ. ಟೊಮೆಟೊದಂತೆ ಮೆಣಸಿನ ಹೂವೂ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ಜೇನು ಮೊದಲಾದ ಕೀಟಗಳು ಪಕ್ಕದ ಹೊಲದ ಪರಾಗವನ್ನು ಧಾರಾಳವಾಗಿ ತಂದು ಸವರುತ್ತವೆ. ಬದುವಿನ ಆಚೆ ಹೈಬ್ರಿಡ್ ಮೆಣಸು, ಈಚೆ ಡಬ್ಬಿ ಇದ್ದರೆ, ಡಬ್ಬಿಯ ಕಾಯೊಳಗಿನ ಬೀಜಗಳಲ್ಲಿ ಕೆಲವು ಯಾರೂ ಬೇಡದ ಸಂಕರಗಳಾಗಿರುತ್ತವೆ. ಆ ವರ್ಷದ ಕಾಯಿ ನೋಡಲು ಡಬ್ಬಿಯಂತೆಯೇ ಇರುತ್ತದೆ. ಮೋಸ ಕಾಣುವುದು ಮರುವರ್ಷದ ಗಿಡದಲ್ಲಿ. ಮೆಣಸಿನಕಾಯಿಯ ಬೀಜೋತ್ಪಾದನೆಯ ನಿಯಮದಂತೆ ಪ್ರಮಾಣಿತ ಬೀಜಕ್ಕೆ 200 ಮೀಟರ್, ಮೂಲ ಬೀಜಕ್ಕೆ 400 ಮೀಟರ್ ಅಂತರವನ್ನು ಬೇರೆ ತಳಿಯಿಂದ ಕಾಯ್ದುಕೊಳ್ಳಬೇಕು. ನಾಲ್ಕೆಕರೆಯ ಹಿಡುವಳಿಯವನಿಗೆ ಇಷ್ಟು ಅಂತರ ಎಲ್ಲಿಂದ ಬರಬೇಕು?

ಅಂಥವರಿಗೆ ಒಂದು ಉಪಾಯವಿದೆ. ಹೊಲದ ಅಂಚನ್ನು ಬಿಟ್ಟು ನಡುವಿನಲ್ಲಿರುವ, ರೋಗವಿಲ್ಲದ, ತಳಿಯ ಲಕ್ಷಣ ಚೆನ್ನಾಗಿ ಕಾಣುವ ಹತ್ತಾರು ಗಿಡಗಳನ್ನು ಆರಿಸಿಕೊಳ್ಳಬೇಕು. ಒಂದೇ ಗಿಡಕ್ಕೆ ಅಂಟಿಕೊಂಡರೆ ತಳಿಯ ವೈವಿಧ್ಯ ಕುಗ್ಗುತ್ತದೆ. ಪ್ರತಿ ಗಿಡದಲ್ಲಿ ಒಂದು ಕೊಂಬೆಯ ಅರಳಿದ ಹೂಗಳನ್ನೂ ಕಟ್ಟಿದ ಕಾಯಿಗಳನ್ನೂ ತೆಗೆದುಹಾಕಿ, ಬರಿಯ ಮೊಗ್ಗುಗಳನ್ನಷ್ಟೇ ಉಳಿಸಬೇಕು. ಹಳೆಯ ಸೊಳ್ಳೆಪರದೆಯ ಬಟ್ಟೆಯಿಂದ ಹೊಲಿದ ಚೀಲವನ್ನು ಆ ಕೊಂಬೆಗೆ ತೊಡಿಸಿ ಬಾಯಿ ಕಟ್ಟಬೇಕು. ಒಳಗೆ ಹೂಗಳು ಅರಳಿ ತಾವೇ ಕಾಯಿ ಕಟ್ಟುತ್ತವೆ. ಕಾಯಿಗಳು ಕಂಡ ಮೇಲೆ ಚೀಲ ತೆಗೆದು, ಕೊಂಬೆಗೆ ಬಣ್ಣದ ದಾರ ಕಟ್ಟಿದರಾಯಿತು. ಆ ದಾರದ ಕೊಂಬೆಯ ಹಣ್ಣಿನ ಬೀಜವೇ ಮುಂದಿನ ವರ್ಷದ ಬಿತ್ತನೆಗೆ. ಹೀಗೆ ಉಳಿಸಿದ ಬೀಜವನ್ನು ಬಿತ್ತಲು, ನೆರೆಯವರಿಗೆ ಕೊಡಲು, ಕಂಪನಿಯ ಹೆಸರಿನ ಚೀಟಿ ಹಚ್ಚದೆ ಮಾರಲು ರೈತನಿಗೆ 2001ರ ಸಸ್ಯ ತಳಿಗಳ ರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆಯು ಸ್ಪಷ್ಟವಾದ ಹಕ್ಕನ್ನು ಕೊಟ್ಟಿದೆ. ಕೊಂಡ ಹೈಬ್ರಿಡ್ ಬೀಜದ ಪೊಟ್ಟಣವನ್ನೂ ರಸೀದಿಯನ್ನೂ ಬೆಳೆ ಮನೆಗೆ ಬರುವವರೆಗೆ ಬಿಸಾಡಬಾರದು. ಆ ಕಾಯಿದೆಯಡಿ ನೋಂದಾಯಿಸಿದ ತಳಿಯು ಹೇಳಿದ ಫಲ ಕೊಡದಿದ್ದರೆ ಪರಿಹಾರ ಕೇಳುವ ದಾರಿಯೂ ಅದೇ ಕಾಯಿದೆಯಲ್ಲಿದೆ. ಕೇಳುವವರ ಕೈಯಲ್ಲಿ ಮೊದಲು ಆ ಚೀಟಿ ಇರಬೇಕು.